ಸಲಾಂ ಭಾವನ ಬಿ ಸೈಡ್

ನನ್ನ ಅಕ್ಕ ನಬೀಸಾಳ ಗಂಡ ಸಲಾಂ ದಮ್ಮಾಮಿನಿಂದ ಕಳುಹಿಸುತ್ತಿದ್ದ ಕ್ಯಾಸೆಟ್ಟುಗಳಲ್ಲಿ ಒಬ್ಬನೇ ಒಬ್ಬ ಮನುಷ್ಯ ಇರುತ್ತಿದ್ದ. ಅವನು ಸಲಾಂ. ಸಲಾಂ ಹೊಸ ಬೂಟು ತೆಗೆದುಕೊಂಡದ್ದು, ಮ್ಯಾನೇಜರು ಎಲ್ಲರೆದುರು ಸಲಾಮನ ಕೈಕುಲುಕಿದ್ದು, ಸಲಾಂ ರಜೆ ಹಾಕಿದ ದಿನ ಗೋದಾಮಿನ ಕೆಲಸವೆಲ್ಲ ನಿಂತೇ ಹೋದದ್ದು. ಅವನು ಅಲ್ಲಿ ಸ್ಟೋರ್ ಕೀಪರ್. ಕೇಳಿದವರಿಗೆ ಮಾತ್ರ ಸೌದಿಯ ಅರ್ಧ ಕಾರುಬಾರು ಅವನ ಬೀಗದ ಕೈಗೊಂಚಲಿನಲ್ಲಿಯೇ ಇದೆ ಅನ್ನಿಸಬೇಕು. ಮಗಳಿಗೆ ಹಲ್ಲು ಬಂತೇ, ಹೆಂಡತಿಯ ಜ್ವರ ಬಿಟ್ಟಿತೇ ಎಂದು ಕೇಳಲು ಟೇಪಿನಲ್ಲಿ ಜಾಗ ಉಳಿಯುತ್ತಿರಲಿಲ್ಲ, ಪಾಪ.

ಎಂಬತ್ತರ ದಶಕದ ಆ ವರ್ಷಗಳಲ್ಲಿ ಅಕ್ಕನನ್ನು ಕೊಟ್ಟ ಊರಾದ ಕಾಪುವಿನ ಬ್ಯಾರಿ ಮುಸಲ್ಮಾನರ ಮನೆಗಳಿಗೆ ಗಲ್ಫಿನ ಸುದ್ದಿ ಬರುತ್ತಿದ್ದದ್ದು ಹೀಗೆ. ಓದು ಬಾರದ ತಾಯಂದಿರಿಗೆ ಕಾಗದಕ್ಕಿಂತ ಮಗನ ಸ್ವರವೇ ಹಿತ. ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಸೆಂಟು, ಟಾರ್ಚುಗಳ ನಡುವೆ ಕ್ಯಾಸೆಟ್ಟು ಬರುತ್ತಿತ್ತು. ಅದನ್ನು ಕೇಳುವುದಕ್ಕೆ ಒಂದು ಕ್ರಮವಿತ್ತು. ಯಾರೂ ಕಲಿಸದಿದ್ದರೂ ಎಲ್ಲರಿಗೂ ಗೊತ್ತಿದ್ದ ಕ್ರಮ. ಎ ಸೈಡ್ ಮನೆಯವರಿಗೆ. ಚಾವಡಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ತಾಯಿ, ಮಾವಂದಿರು, ಮಕ್ಕಳು, ಬಂದುಹೋಗುವ ನೆರೆಯವರು ಎಲ್ಲ ಕೂತು ಕೇಳುವುದು. ಹೆಂಡತಿ ಒಳಬಾಗಿಲ ಹಿಂದೆ ನಿಂತಿರುವುದು. ಬಿ ಸೈಡ್ ಹೆಂಡತಿಗೆ. ಅದನ್ನು ಅವಳು ಕೋಣೆಯ ಬಾಗಿಲು ಹಾಕಿ, ಸ್ವರ ಸಣ್ಣ ಮಾಡಿ, ಒಬ್ಬಳೇ ಕೇಳುವುದು. ಎಷ್ಟೇ ಬಾಯಿ ಜೋರಿನ ಅತ್ತೆಯಾದರೂ ಬಿ ಸೈಡಿನಲ್ಲಿ ಏನಿತ್ತು ಎಂದು ಸೊಸೆಯನ್ನು ಕೇಳುವುದಿಲ್ಲ. ಅಕ್ಕನ ಅತ್ತೆ ಖದೀಜಮ್ಮ ಸೊಸೆಯ ಊಟದ ತಟ್ಟೆಯಲ್ಲಿ ಮೀನಿನ ಯಾವ ತುಂಡು ಬಿದ್ದಿದೆ ಎಂದು ಬಗ್ಗಿ ನೋಡುವ ಹೆಂಗಸು. ಅವರು ಕೂಡ ಕೇಳುತ್ತಿರಲಿಲ್ಲ.

ಅಕ್ಕನಿಗೆ ಒಂದೇ ಆಸೆ ಇತ್ತು, ದಮ್ಮಾಮಿಗೆ ಹೋಗುವುದು. ಗಂಡನ ಮೇಲೆ ಪ್ರಾಣ ಬಿಡುತ್ತಿದ್ದಳೆಂದಲ್ಲ. ಖದೀಜಮ್ಮನ ಮನೆಯಲ್ಲಿ ಅವಳು ಸಕ್ಕರೆ ಡಬ್ಬಿಯ ಮುಚ್ಚಳ ತೆರೆಯುವುದಕ್ಕೂ ಅಪ್ಪಣೆ ಬೇಕಿತ್ತು. ಅಲ್ಲಿ ಹೋದರೆ ತನ್ನದೇ ಒಂದು ಅಡುಗೆಮನೆ, ತನಗೆ ಬೇಕಾದಾಗ ಹಾಕಿಕೊಳ್ಳುವ ಒಂದು ಬಾಗಿಲು, ಮಗಳನ್ನು ಯಾರ ಗದರಿಕೆಯೂ ಇಲ್ಲದೆ ಮಡಿಲಲ್ಲಿ ಕೂರಿಸಿಕೊಳ್ಳುವ ಒಂದು ಮಧ್ಯಾಹ್ನ. ಅಷ್ಟಕ್ಕಾಗಿ ಅವಳು ಸಲಾಮನಿಗೆ ಉತ್ತರದ ಕ್ಯಾಸೆಟ್ಟು ತುಂಬಿಸುವಾಗಲೆಲ್ಲ ಅವನನ್ನು ಹೊಗಳಿ ಅಟ್ಟಕ್ಕೇರಿಸುತ್ತಿದ್ದಳು. ಕೊನೆಗೂ ಅವನು ಒಪ್ಪಿದ. ಪಾಸ್‌ಪೋರ್ಟ್ ಆಯಿತು, ವೀಸಾದ ಕಾಗದಗಳು ಅಲ್ಲಿ ಓಡಾಡತೊಡಗಿದವು. ಅಕ್ಕನ ಮುಖದಲ್ಲಿ ಮದುವೆಯ ದಿನ ಕಾಣದ ಕಳೆ ಆಗ ಕಂಡಿತು.

ಇಷ್ಟರಲ್ಲಿ ನನ್ನ ಬಾಳಿಗೆ ಡಾಕ್ಟರ್ ಮೋಹಿನಿ ಪಡಿವಾಳ್ ಬಂದರು.

ನಮ್ಮದು ಉದ್ಯಾವರ. ಅಪ್ಪ ಮೊಯಿದಿನಬ್ಬನಿಗೆ ಹೆದ್ದಾರಿ ಬದಿಯಲ್ಲಿ ದಿನಸಿ ಅಂಗಡಿ. ನಮ್ಮ ಕೇರಿಯಿಂದ ಬಿ.ಎ. ಮಾಡಿದ ಮೊದಲ ಹುಡುಗಿ ನಾನು ಎಂದು ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು, ಜೊತೆಗೆ ಗಂಡು ನೋಡುತ್ತಲೂ ಇದ್ದರು. ಮೋಹಿನಿ ಮೇಡಂ ಕಾರ್ಕಳದ ದೊಡ್ಡ ಮನೆತನದವರು, ವಿದೇಶದಲ್ಲಿ ಮನಃಶಾಸ್ತ್ರ ಓದಿ ಬಂದವರು. ಮಣಿಪಾಲದಲ್ಲಿ ಒಂದು ಬಾಡಿಗೆ ಮನೆ ಹಿಡಿದು, ಸ್ವಂತ ಖರ್ಚಿನಲ್ಲಿ ಒಂದು ಸಣ್ಣ ಸಂಶೋಧನಾ ಕೇಂದ್ರ ನಡೆಸುತ್ತಿದ್ದರು. ಬ್ಯಾರಿ, ತುಳು, ಕನ್ನಡ ಮೂರೂ ಬರುವ ಹುಡುಗಿ ಬೇಕಾಗಿತ್ತು. ನಾನು ಸಿಕ್ಕಿದೆ.

ಅವರ ವಿಷಯ ತನ್ನನ್ನೇ ಮೆಚ್ಚಿಕೊಳ್ಳುವ ಮನಸ್ಸು. ಇಂಗ್ಲಿಷಿನಲ್ಲಿ ಅದಕ್ಕೆ ಉದ್ದದ ಹೆಸರಿದೆ, ನಾವು ಕನ್ನಡದಲ್ಲಿ ಸ್ವಮೋಹ ಎಂದು ಇಟ್ಟುಕೊಂಡೆವು. ಅಂಥ ಮನಸ್ಸಿನವರಿಗೆ ಸಿಟ್ಟು, ನಾಚಿಕೆ, ಹೊಟ್ಟೆಕಿಚ್ಚು ಹೇಗೆ ಬರುತ್ತವೆ, ಅವು ಬಂದಾಗ ಅವರು ಏನು ಮಾಡುತ್ತಾರೆ, ಜೊತೆಯಲ್ಲಿ ಬಾಳುವವರ ಗತಿ ಏನಾಗುತ್ತದೆ ಎಂಬುದು ಅವರ ಪ್ರಶ್ನೆ. ಅವರು ವಿದೇಶದಿಂದ ತಂದಿದ್ದ ಪ್ರಶ್ನಾವಳಿಯನ್ನು ನಾನು ಕನ್ನಡಕ್ಕೆ ಮಾಡಿದೆ. ಎರಡೆರಡು ವಾಕ್ಯ, ಒಂದನ್ನು ಆರಿಸಬೇಕು: ನಾನು ವಿಶೇಷ ವ್ಯಕ್ತಿ, ನಾನು ಸಾಮಾನ್ಯ ವ್ಯಕ್ತಿ. ಇದನ್ನು ಹಿಡಿದುಕೊಂಡು ಊರೂರು ಸುತ್ತಿದೆವು. ನಮ್ಮ ಕಡೆಯ ಜನ ತಾನು ವಿಶೇಷ ಎಂದು ಬಾಯಿಬಿಟ್ಟು ಹೇಳುವವರೇ? ಕಾರ್ಕಳದಲ್ಲಿ ಭೋಜ ಎಂಬ ಬಸ್ಸಿನ ಮಾಲಕರಿದ್ದರು. ಬಸ್ಸಿನ ಹಿಂದೆ, ಮುಂದೆ, ಎರಡು ಬದಿಗೆ, ಒಳಗೆ ಚಾಲಕನ ತಲೆಯ ಮೇಲೆ ಕೂಡ ತನ್ನ ಹೆಸರು ಬರೆಸಿದ ಮನುಷ್ಯ. ಅವರೂ ತಲೆ ತಗ್ಗಿಸಿ ‘ನಾನು ಸಾಮಾನ್ಯ’ ಎಂಬುದಕ್ಕೆ ಗುರುತು ಹಾಕಿ ಕೊಟ್ಟರು. ನಮ್ಮ ಲೆಕ್ಕದ ಪ್ರಕಾರ ಇಡೀ ತಾಲೂಕಿನಲ್ಲಿ ಸ್ವಮೋಹಿಗಳೇ ಇರಲಿಲ್ಲ.

ಮೇಡಂ ಸೋತು ಕೂತಿದ್ದರು. ಕೇಳದೆ ಇದ್ದಾಗ ಜನ ತಮ್ಮ ಬಗ್ಗೆ ಎಲ್ಲಿ ಮಾತಾಡುತ್ತಾರೆ, ಅದು ಸಿಗಬೇಕು ಎಂದರು. ನಾನು ಗಲ್ಫ್ ಕ್ಯಾಸೆಟ್ಟುಗಳ ವಿಷಯ ಹೇಳಿದೆ. ಅವರು ಎದ್ದು ಬಂದು ನನ್ನ ಎರಡೂ ಕೆನ್ನೆ ಹಿಡಿದುಕೊಂಡರು. ಆ ದಿನ ನನಗಾದ ಹೆಮ್ಮೆಯನ್ನು ಈಗಲೂ ನಾನು ಸುಳ್ಳೆನ್ನಲಾರೆ. ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಭಾನುವಾರಗಳಲ್ಲಿ ಕಾರ್ಕಳದ ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿಸುತ್ತಿದ್ದರು, ‘ಇವಳು ನನ್ನ ತಂಗಿ’ ಎಂದು ತಾಯಿಗೆ ಹೇಳುತ್ತಿದ್ದರು. ನಾನು ನಂಬಿದೆ. ನಂಬದೆ ಇರಲು ಕಾರಣವೇ ಇರಲಿಲ್ಲ.

ಕ್ಯಾಸೆಟ್ಟು ಕೊಡುವವರು ಸಿಕ್ಕಿದರು. ಎಲ್ಲರೂ ಎ ಸೈಡ್ ಮಾತ್ರ. ನಾನು ಬ್ಯಾರಿಯಲ್ಲಿ ಕೇಳಿ ಕನ್ನಡದಲ್ಲಿ ಬರೆಯುವುದು, ಮೇಡಂ ಅದರಲ್ಲಿ ‘ನಾನು’ ಎಷ್ಟಿದೆ, ‘ನೀನು’ ಎಷ್ಟಿದೆ ಎಂದು ನೋಡುವುದು. ಆದರೆ ಎ ಸೈಡಿನಲ್ಲಿ ಗಂಡಸರು ಊರಿನೆದುರು ಮಾತಾಡುತ್ತಾರೆ, ಜಂಬ ಅಲ್ಲಿ ಮರ್ಯಾದೆಯ ಒಂದು ಭಾಗ. ಯಾರೂ ಕೇಳದಲ್ಲಿ, ಹೆಂಡತಿ ಒಬ್ಬಳೇ ಇರುವಲ್ಲಿ ಹೇಗೆ ಮಾತಾಡುತ್ತಾರೆ ಎಂಬುದೇ ನಿಜವಾದ ಪರೀಕ್ಷೆ ಎಂದು ಮೇಡಂ ಹೇಳಿದರು. ಒಂದೇ ಒಂದು ಬಿ ಸೈಡ್ ಸಿಕ್ಕಿದರೂ ಸಾಕು ಎಂದರು. ನಾನು ಅಕ್ಕನ ಹತ್ತಿರ ಕೇಳಿದೆ.

ಅಕ್ಕ ಕೂಡಲೇ ಆಗುವುದಿಲ್ಲ ಎಂದಳು. ಆಮೇಲೆ ಮೇಡಂ ಸ್ವತಃ ಕಾಪುವಿಗೆ ಬಂದರು. ಖದೀಜಮ್ಮ ಚಾವಡಿಯಲ್ಲಿ ಪತ್ತಿರ್ ರೊಟ್ಟಿ ಮತ್ತು ಕೋಳಿ ಸಾರು ಬಡಿಸಿ, ಮಗನ ಫೋಟೋಗಳನ್ನೆಲ್ಲ ತೋರಿಸಿ, ಸಂಜೆಯ ಅಸರ್ ನಮಾಜಿಗೆ ಎದ್ದರು. ಆಗ ಮೇಡಂ ಅಕ್ಕನ ಕೋಣೆಗೆ ಬಂದು ಅವಳ ಪಕ್ಕ ಮಂಚದ ಮೇಲೆ ಕೂತರು. ಹೆಸರು ಎಲ್ಲೂ ಬರುವುದಿಲ್ಲ, ಪ್ರತಿ ಇಟ್ಟುಕೊಳ್ಳುವುದಿಲ್ಲ, ತಾನು ಮತ್ತು ನಿನ್ನ ತಂಗಿ ಶರೀಫಾ ಬಿಟ್ಟರೆ ಮೂರನೆಯ ಕಿವಿ ಅದನ್ನು ಕೇಳುವುದಿಲ್ಲ ಎಂದರು. ಅಕ್ಕ ಅವರ ಮುಖವನ್ನೇ ನೋಡುತ್ತ ಇದ್ದಳು. ಅವಳೊಡನೆ ಹಾಗೆ ಪಕ್ಕದಲ್ಲಿ ಕೂತು ಮಾತಾಡುವವರು ಆ ಮನೆಯಲ್ಲಿ ಇರಲಿಲ್ಲ. ಬಟ್ಟೆಯ ಪೆಟ್ಟಿಗೆಯ ಅಡಿಯಿಂದ ಕ್ಯಾಸೆಟ್ಟು ತೆಗೆದು ನನ್ನ ಕೈಗಲ್ಲ, ಮೇಡಮ್ಮಿನ ಕೈಗೆ ಕೊಟ್ಟಳು.

ಮಣಿಪಾಲದ ಕೋಣೆಯಲ್ಲಿ ನಾವಿಬ್ಬರೂ ಅದನ್ನು ಕೇಳಿದೆವು. ಹೆಂಡತಿಗೆಂದೇ ಇಟ್ಟ ಆ ಸೈಡಿನಲ್ಲಿ ಸಲಾಂ ಭಾವ ನೀಲಿ ಸೂಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದ. ನಿಂತು ತನ್ನ ವರ್ಣನೆ ಮಾಡುತ್ತಿದ್ದ. ಹೆಗಲು ಹೇಗೆ ಕೂತಿದೆ, ಮೀಸೆ ಹೇಗೆ ಬಂದಿದೆ. ಈಜಿಪ್ಟಿನ ಒಬ್ಬ ಇಂಜಿನಿಯರು ತನ್ನನ್ನು ಸಿನಿಮಾದವನೆಂದು ತಿಳಿದನಂತೆ. ‘ನನಗೇ ನನ್ನನ್ನು ನೋಡಿ ಸಾಕಾಗುವುದಿಲ್ಲ, ನಿನಗೆ ಹೇಗೆ ಸಾಕಾದೀತು? ನೀನು ಪುಣ್ಯ ಮಾಡಿದವಳು. ಹೌದೋ ಅಲ್ಲವೋ, ಮುಂದಿನ ಕ್ಯಾಸೆಟ್ಟಿನಲ್ಲಿ ಹೇಳು.’ ನನಗೆ ನಗು ತಡೆಯಲಾಗಲಿಲ್ಲ. ಮೇಡಂ ನಗಲಿಲ್ಲ. ಅವರ ಕಣ್ಣು ತುಂಬಿತ್ತು. ಇದನ್ನು ಬಾಗಿಲು ಹಾಕಿಕೊಂಡು ಒಬ್ಬಳೇ ಕೇಳುವ ಹೆಣ್ಣನ್ನು ನೆನೆಸಿಕೋ ಶರೀಫಾ ಎಂದರು. ನನ್ನ ಸ್ವಂತ ಅಕ್ಕನ ದುಃಖ ನನಗಿಂತ ಮೊದಲು ಅವರಿಗೆ ತಿಳಿಯಿತಲ್ಲ ಎಂದು ನನಗೆ ನಾಚಿಕೆಯಾಯಿತು.

ಮತ್ತೆ ಅವರು ಪಾಠ ಮಾಡುವಂತೆ ನಿಧಾನವಾಗಿ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

“ಇಂಥವರು ಬೈದರೆ ತಡೆದುಕೊಳ್ಳುತ್ತಾರೆ. ಬೈಗುಳದಲ್ಲಿಯೂ ತಾನು ಮುಖ್ಯ ಅಂತ ಉಂಟಲ್ಲ. ನಕ್ಕರೆ ತಡೆಯುವುದಿಲ್ಲ ಮಾರಾಯ್ತಿ. ಮತ್ತೆ ಆ ಸಿಟ್ಟು ನಕ್ಕವರ ಮೇಲೆ ಹೋಗುವುದಿಲ್ಲ, ಕೈಗೆ ಸಿಕ್ಕಿದವರ ಮೇಲೆ ಹೋಗುತ್ತದೆ. ನಿನ್ನ ಅಕ್ಕ ಇಷ್ಟು ವರ್ಷ ನಗದೆ ಇದ್ದಾಳಲ್ಲ, ಅದರಿಂದಲೇ ಅವಳು ಉಳಿದುಕೊಂಡದ್ದು.”

ನಾನು ಆ ಬಿ ಸೈಡನ್ನು ಬಹಳ ಮುತುವರ್ಜಿಯಿಂದ ಕನ್ನಡಕ್ಕೆ ಮಾಡಿದೆ. ಭಾವನ ಗತ್ತು, ಗಂಟಲು ಸರಿಮಾಡಿಕೊಳ್ಳುವ ರೀತಿ, ಒಂದು ಮಾತು ಹೇಳಿ ಚಪ್ಪಾಳೆಗೆ ಕಾದಂತೆ ನಿಲ್ಲಿಸುವುದು ಎಲ್ಲ ಬರವಣಿಗೆಯಲ್ಲಿ ಬರಬೇಕೆಂದು ತಿದ್ದಿ ತಿದ್ದಿ ಬರೆದೆ. ಮೇಡಂ ಓದಿ ಬೆನ್ನು ತಟ್ಟಿದರು. ಕ್ಯಾಸೆಟ್ಟು ವಾಪಸು ಅಕ್ಕನ ಪೆಟ್ಟಿಗೆ ಸೇರಿತು.

ಮಳೆಗಾಲ ಮುಗಿದ ಮೇಲೆ ಉಡುಪಿಯ ಒಂದು ವರ್ತಕರ ಸಂಘದವರು ಮೇಡಮ್ಮಿನ ಉಪನ್ಯಾಸ ಇಟ್ಟರು. ಕೇಂದ್ರಕ್ಕೆ ಸಹಾಯಧನ ಕೊಡಬೇಕೋ ಬೇಡವೋ ಎಂದು ನೋಡಲು ದಿಲ್ಲಿಯಿಂದ ಒಬ್ಬರು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಸಭಾಂಗಣ ತುಂಬಿತ್ತು. ವರ್ತಕರು, ವಕೀಲರು, ಮಾಸ್ತರರು, ಅವರ ಹೆಂಡಂದಿರು. ಎಡಬದಿಯಲ್ಲಿ ಶೇಕಬ್ಬ ಕಾಕ ಇದ್ದರು. ಖದೀಜಮ್ಮನ ಅಣ್ಣ, ಸಲಾಂ ಭಾವನನ್ನು ತನ್ನ ಮಡಿಲಲ್ಲೇ ಬೆಳೆಸಿದ ಸೋದರಮಾವ. ಉಡುಪಿಯಲ್ಲಿ ಅವರದು ಬಟ್ಟೆ ಅಂಗಡಿ, ಸಂಘದ ಸದಸ್ಯರು. ನನ್ನನ್ನು ಕಂಡು ಪ್ರೀತಿಯಿಂದ ಕೈ ಎತ್ತಿದರು. ನಾನು ವೇದಿಕೆಯ ಪಕ್ಕದಲ್ಲಿ ಚಾರ್ಟುಗಳನ್ನು ಹಿಡಿದು ನಿಂತಿದ್ದೆ.

ಮೇಡಂ ಕೋಷ್ಟಕಗಳನ್ನು ವಿವರಿಸಿದರು. ಸೆಕೆ. ಫ್ಯಾನುಗಳ ಸದ್ದು. ಜನ ಒಬ್ಬೊಬ್ಬರಾಗಿ ಆಕಳಿಸತೊಡಗಿದರು. ದಿಲ್ಲಿಯವರು ಕೈಗಡಿಯಾರ ನೋಡಿಕೊಂಡರು, ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ನೋಡಿಕೊಂಡರು. ಮೇಡಂ ಅದನ್ನು ಕಂಡದ್ದನ್ನು ನಾನು ಕಂಡೆ. ಮಾತು ನಿಲ್ಲಿಸಿ, ಕನ್ನಡಕ ತೆಗೆದು, ‘ಈಗ ಒಂದು ಸ್ವಾರಸ್ಯದ ಉದಾಹರಣೆ’ ಎಂದರು. ಮೇಜಿನ ಕೆಳಗಿನ ಚೀಲದಿಂದ ಟೇಪ್ ರೆಕಾರ್ಡರ್ ಹೊರಗೆ ಬಂತು. ಅದು ಚೀಲದಲ್ಲಿದ್ದದ್ದು ನನಗೆ ಗೊತ್ತಿರಲಿಲ್ಲ.

ಮೈಕಿನ ಎದುರು ಸಲಾಂ ಭಾವ ಗಂಟಲು ಸರಿಮಾಡಿಕೊಂಡ. ಇಡೀ ಸಭಾಂಗಣದಲ್ಲಿ ಅವನ ಸ್ವರ. ನೀಲಿ ಸೂಟು, ಹೆಗಲು, ಮೀಸೆ. ಅರ್ಧ ಜನಕ್ಕೆ ಬ್ಯಾರಿ ಅರ್ಥವಾಗಲಿಲ್ಲ, ಸ್ವರದ ಗತ್ತಿಗೇ ನಕ್ಕರು. ಮತ್ತೆ ಮೇಡಂ ನನ್ನ ಕನ್ನಡವನ್ನು ಓದಿದರು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ಹುಬ್ಬೇರಿಸಬೇಕೋ ಅಲ್ಲಿ ಹುಬ್ಬೇರಿಸಿ ಓದಿದರು. ನನಗೇ ನನ್ನನ್ನು ನೋಡಿ ಸಾಕಾಗುವುದಿಲ್ಲ ಎಂಬಲ್ಲಿ ಜನ ಬೆಂಚು ಬಡಿದು ನಕ್ಕರು. ದಿಲ್ಲಿಯವರಿಗೆ ಪಕ್ಕದವರು ಇಂಗ್ಲಿಷಿನಲ್ಲಿ ಹೇಳಿದರು, ಅವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ರಾತ್ರಿಗಟ್ಟಲೆ ಕೂತು ತಿದ್ದಿದ ಒಂದೊಂದು ವಾಕ್ಯಕ್ಕೂ ನಗು ಬೀಳುತ್ತಿತ್ತು. ಅಷ್ಟು ಚೆನ್ನಾಗಿ ಬರೆದದ್ದಕ್ಕಾಗಿ ನನ್ನ ಕೈಯನ್ನು ನಾನೇ ಜಜ್ಜಿಕೊಳ್ಳಬೇಕು ಅನ್ನಿಸಿತು. ಶೇಕಬ್ಬ ಕಾಕ ನಗಲಿಲ್ಲ. ಟೋಪಿ ಸರಿಮಾಡಿಕೊಂಡು ಎದ್ದು, ನನ್ನನ್ನು ಒಮ್ಮೆ ನೋಡಿ, ಯಾರಿಗೂ ತೊಂದರೆಯಾಗದಂತೆ ಸಾಲಿನಿಂದ ಹೊರಗೆ ಬಂದು ನಡೆದುಬಿಟ್ಟರು.

ಮರುದಿನ ಬೆಳಿಗ್ಗೆ ನಾನು ಮಣಿಪಾಲಕ್ಕೆ ಹೋದಾಗ ಮೇಡಂ ಬಹಳ ಗೆಲುವಾಗಿದ್ದರು. ದಿಲ್ಲಿಯವರು ಒಪ್ಪಿದ್ದರಂತೆ. ನಾನು ಕೂರಲಿಲ್ಲ. ಪ್ರತಿ ಇಟ್ಟುಕೊಳ್ಳುವುದಿಲ್ಲ ಎಂದಿದ್ದಿರಲ್ಲ ಎಂದು ಕೇಳಿದೆ. ಸಂಶೋಧನೆಗೆ ಒಂದು ಪ್ರತಿ ಬೇಕೇ ಬೇಕಾಗುತ್ತದೆ, ಹೆಸರಿದ್ದ ಕಡೆಯೆಲ್ಲ ತಾನೇ ಕತ್ತರಿಸಿ ತೆಗೆದಿದ್ದೇನೆ ಎಂದರು. ಮನುಷ್ಯನ ಸ್ವರಕ್ಕೆ ಹೆಸರು ಬರೆದಿಡಬೇಕೇ, ಅವನನ್ನು ಬೆಳೆಸಿದ ಮಾವ ಅಲ್ಲೇ ಕೂತಿದ್ದರು ಎಂದೆ. ಅವರ ಮುಖ ಕಪ್ಪಿಟ್ಟಿತು. ಕಾಕ ಬಂದಿದ್ದು ತನಗೆ ತಿಳಿಯಲಿಲ್ಲ ಎಂದು ನಿಜವಾಗಿಯೇ ಹೇಳಿದರು. ಅದನ್ನು ನಾನು ನಂಬುತ್ತೇನೆ.

“ಕಾಕ ಅಲ್ಲದಿದ್ದರೆ ಇನ್ನೊಬ್ಬರು ಹೇಳುತ್ತಿದ್ದರು,” ಎಂದೆ. “ಉಡುಪಿಯಲ್ಲಿ ಆಡಿದ್ದು ಕಾಪುವಿಗೆ ಹೋಗುವುದಿಲ್ಲವಾ ಮೇಡಂ? ಭಾವನ ಮೇಲೆ ಜನ ನಕ್ಕರೆ ಅಕ್ಕನಿಗೆ ಎಂತ ಆಗುತ್ತದೆ ಅಂತ ನಿಮಗೆ ಗೊತ್ತಿರಲಿಲ್ಲವಾ?”

ಅವರು ಮೇಜಿನ ಮೇಲಿನ ಪೆನ್ನಿಗೆ ಮುಚ್ಚಳ ಹಾಕಿದರು.

“ಗೊತ್ತಿತ್ತು,” ಎಂದರು. “ಜನ ಆಕಳಿಸುತ್ತಿದ್ದರು ಶರೀಫಾ. ಇಷ್ಟು ವರ್ಷದ ಕೆಲಸ ನನ್ನ ಕಣ್ಣೆದುರಿಗೇ ಮುಳುಗುತ್ತಿತ್ತು. ನಿನಗಾದರೂ ಅರ್ಥ ಆಗುತ್ತದೆ ಅಂತ ತಿಳಿದೆ. ನೀನು ನನ್ನ ತಂಗಿ ಅಲ್ವಾ?”

ಈ ಕತೆ ಕೇಳಿದವರೆಲ್ಲ ಆ ಡಾಕ್ಟರಿಗೇ ಆ ಕಾಯಿಲೆ ಇತ್ತು ಎಂದು ನಗುತ್ತಾರೆ. ಅವರಿಗೆ ಬಹಳ ಬುದ್ಧಿವಂತಿಕೆಯ ಮಾತು ಹೇಳಿದ ಸಮಾಧಾನ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಕಾಯಿಲೆ ಇದ್ದಿದ್ದರೆ ನಾನು ಎಂದೋ ಕ್ಷಮಿಸಿಬಿಡುತ್ತಿದ್ದೆ. ಸಲಾಂ ಭಾವನ ಮೇಲೆಯೂ ನನಗೆ ದ್ವೇಷವಿಲ್ಲ. ಅವನಿಗೆ ಬೇರೆಯವರು ಕಾಣುವುದೇ ಇಲ್ಲ, ಕಾಣದವನು ಎಡವುತ್ತಾನೆ, ಆಯಿತು. ಮೋಹಿನಿ ಮೇಡಮ್ಮಿಗೆ ಎಲ್ಲ ಕಾಣುತ್ತಿತ್ತು. ಅಕ್ಕನ ಕೋಣೆ, ಹಾಕಿದ ಬಾಗಿಲು, ಅವಳ ಮುಂದಿನ ದಿನಗಳು ಎಲ್ಲವನ್ನೂ ಅವರು ನನಗಿಂತ ಸ್ಪಷ್ಟವಾಗಿ ಕಂಡಿದ್ದರು. ಕಂಡು ಕಣ್ಣೀರು ಹಾಕಿದ್ದರು, ಆ ಕಣ್ಣೀರು ಸುಳ್ಳಲ್ಲ. ಅಷ್ಟೆಲ್ಲ ಕಂಡ ಮೇಲೆ, ಒಂದು ಸಂಜೆಯ ಆಕಳಿಕೆ ನಿಲ್ಲಿಸಲು ಅವಳನ್ನು ತೆಗೆದು ಕೊಟ್ಟುಬಿಟ್ಟರು. ನಾನು ನನ್ನ ಕೊಡೆ ತೆಗೆದುಕೊಂಡು ಹೊರಗೆ ಬಂದೆ. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಸುದ್ದಿ ದಮ್ಮಾಮಿಗೆ ತಲುಪಲು ತಡವಾಗಲಿಲ್ಲ. ಆ ಕಡೆಯಿಂದ ಕ್ಯಾಸೆಟ್ಟು ಬಂತು. ಖದೀಜಮ್ಮ ಹೇಳಿ ಕಳುಹಿಸಿದ್ದರಿಂದ ನಾನೂ ಕಾಪುವಿಗೆ ಹೋದೆ. ಚಾವಡಿಯಲ್ಲಿ ಶೇಕಬ್ಬ ಕಾಕ ಕುರ್ಚಿಯಲ್ಲಿದ್ದರು, ಖದೀಜಮ್ಮ ಚಾಪೆಯ ಮೇಲೆ. ಎ ಸೈಡ್ ಹಾಕಿದರು. ತನ್ನಂಥವನ ಮೇಲೆ ಉಡುಪಿಯ ಜನ ನಗುವುದೆಂದರೇನು ಎಂದು ಭಾವ ಕೇಳುತ್ತಿದ್ದ. ಆ ಸೂಟಿನ ಬಟ್ಟೆ ಎಲ್ಲಿಯದು, ಹೊಲಿಸಿದ್ದು ಎಲ್ಲಿ ಎಂದು ಸಿಟ್ಟಿನಲ್ಲಿಯೂ ಹೇಳುವುದನ್ನು ಮರೆಯಲಿಲ್ಲ. ಬಿ ಸೈಡ್ ಹೊರಗೆ ಹೋಗಿದೆ ಎಂದರೆ ಕೊಟ್ಟವಳು ಒಬ್ಬಳೇ. ವೀಸಾದ ಕಾಗದ ಮೇಜಿನ ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದ್ದೇನೆ. ಉಮ್ಮನ ಎದುರು, ಮಾವನ ಎದುರು ಅವಳು ಉತ್ತರ ತುಂಬಿಸಿ ಕಳುಹಿಸಲಿ. ಉತ್ತರ ಸರಿಯಾಗದಿದ್ದರೆ ಮಗುವನ್ನು ಎತ್ತಿಕೊಂಡು ಉದ್ಯಾವರಕ್ಕೆ ನಡೆಯಲಿ. ಅಷ್ಟೇ. ಅಕ್ಕ ಅದನ್ನು ಕೋಣೆಗೆ ಒಯ್ದು ಬಿ ಸೈಡ್ ತಿರುಗಿಸಿ ಹಾಕಿದಳು. ಅಲ್ಲಿ ಏನೂ ಇರಲಿಲ್ಲ.

ನಾನು ಅವಳನ್ನು ಹಿತ್ತಲಿನ ಬಾವಿಯ ಹತ್ತಿರ ಕರೆದುಕೊಂಡು ಹೋದೆ. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಮೇಡಂ ಹೀಗೆ ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ ಅಕ್ಕ ಎಂದೆ. ಅವಳು ಕೊಡಪಾನ ತೊಳೆಯುತ್ತಲೇ ಇದ್ದಳು.

“ನಾನು ಕದ್ದೆ ಅಂತ ಹೇಳು,” ಎಂದೆ. “ನಿನಗೆ ಗೊತ್ತಿಲ್ಲದೆ ಪೆಟ್ಟಿಗೆಯಿಂದ ತೆಗೆದೆ ಅಂತ ಹೇಳು. ನಾನು ಎದುರಿಗೇ ನಿಂತಿರುತ್ತೇನೆ, ಅಲ್ಲ ಅಂತ ಹೇಳುವುದಿಲ್ಲ.”

ಅಕ್ಕ ಮೊದಲ ಸಲ ನನ್ನನ್ನು ನೋಡಿದಳು.

“ಅಷ್ಟು ಹೇಳಿದರೆ ಅವರಿಗೆ ಸಾಕಾಗುವುದಿಲ್ಲ,” ಎಂದಳು. ಕೊಡಪಾನ ಬೋರಲು ಹಾಕಿ ಒಳಗೆ ನಡೆದಳು.

ಚಾವಡಿಯಲ್ಲಿ ಕಾಕ ಟೇಪ್ ರೆಕಾರ್ಡರಿಗೆ ಹೊಸ ಕ್ಯಾಸೆಟ್ಟು ಹಾಕಿ ಕಾಯುತ್ತಿದ್ದರು. ಮೊದಲು ಖದೀಜಮ್ಮ ಸಲಾಂ ಹೇಳಿ, ಮಗನ ಆರೋಗ್ಯಕ್ಕೆ ದುವಾ ಮಾಡಿದರು. ಕಾಕ ಎರಡು ಮಾತು ಹೇಳಿದರು. ಮತ್ತೆ ಅಕ್ಕನ ಕಡೆ ನೋಡಿದರು. ಅವಳು ಒಳಬಾಗಿಲಿನಿಂದ ಚಾವಡಿಗೆ ಬಂದು, ಸೆರಗು ತಲೆಗೆ ಎಳೆದುಕೊಂಡು, ಟೇಪಿನ ಮುಂದೆ ಮೊಣಕಾಲೂರಿ ಕೂತಳು. ನಾನು ಕಂಬದ ಹತ್ತಿರ ನಿಂತಿದ್ದೆ. ಕಳ್ಳಿ ಎನಿಸಿಕೊಳ್ಳಲು ತಯಾರಾಗಿದ್ದೆ. ಅಕ್ಕನಿಗಾಗಿ ಒಂದು ದೊಡ್ಡ ಕೆಲಸ ಮಾಡುತ್ತಿದ್ದೇನೆ ಎಂಬ ಸಮಾಧಾನವೂ ಒಳಗೆ ಇತ್ತು.

“ಕೊಟ್ಟದ್ದು ನಾನಲ್ಲ,” ಎಂದಳು ಅಕ್ಕ. “ಶರೀಫಾ ಕದ್ದಳು. ನಾನು ಮಗುವನ್ನು ಮೀಯಿಸುವಾಗ ಪೆಟ್ಟಿಗೆಯಿಂದ ತೆಗೆದಳು.”

ಅಲ್ಲಿಯವರೆಗೆ ಮಾತಾಡಿಕೊಂಡ ಹಾಗೆಯೇ ಇತ್ತು. ನಾನು ತಲೆ ತಗ್ಗಿಸಿದೆ. ಅವಳು ಉಸಿರು ತೆಗೆದುಕೊಂಡು ಮುಂದುವರಿಸಿದಳು.

“ಅವಳಿಗೆ ನನ್ನ ಮೇಲೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ನಿಮ್ಮಂಥ ಗಂಡ ತನಗೆ ಸಿಗಲಿಲ್ಲ ಅಂತ. ನಿಮ್ಮ ಸ್ವರ ಒಬ್ಬಳೇ ಕೇಳಬೇಕು ಅಂತ ಅವಳಿಗೆ ಆಸೆ. ನಮ್ಮ ಮದುವೆಯ ದಿನದಿಂದ ಅವಳ ಕಣ್ಣು ನಿಮ್ಮ ಮೇಲೆ ಉಂಟು. ನನಗೆ ಗೊತ್ತಿತ್ತು, ತಂಗಿ ಅಂತ ಸುಮ್ಮನಿದ್ದೆ. ನೀವು ಅವಳ ಕಡೆ ತಿರುಗಿಯೂ ನೋಡಲಿಲ್ಲ, ಅದರ ಸಿಟ್ಟಿಗೆ ನಿಮ್ಮನ್ನು ಹೀಗೆ ಮಾಡಿದಳು. ನಿಮ್ಮನ್ನು ನೋಡಿದ ಹೆಂಗಸರಿಗೆಲ್ಲ ಹೀಗೇ ಆಗುತ್ತದೆ, ಅದಕ್ಕೆ ನೀವು ಎಂತ ಮಾಡಲಿಕ್ಕೆ ಉಂಟು? ಇನ್ನು ಇವಳು ನನಗೆ ತಂಗಿ ಅಲ್ಲ. ಈ ಮನೆಯ ಅಂಗಳಕ್ಕೆ ಇವಳನ್ನು ಸೇರಿಸುವುದಿಲ್ಲ.”

ಟೇಪು ತಿರುಗುತ್ತಿತ್ತು. ನಾನು ಬಾಯಿ ತೆರೆದರೆ ಅದೂ ದಮ್ಮಾಮಿಗೆ ಹೋಗುತ್ತಿತ್ತು, ಅಕ್ಕನ ವೀಸಾ ಇದ್ದ ಡ್ರಾಯರಿನ ಬೀಗ ತೆರೆಯದೆ ಉಳಿಯುತ್ತಿತ್ತು. ಶೇಕಬ್ಬ ಕಾಕ ನನ್ನ ಮುಖ ನೋಡಲಾರದೆ ಅಂಗಳದ ಕಡೆ ತಿರುಗಿದರು. ನನ್ನ ಕಿವಿ ಸುಡುತ್ತಿತ್ತು. ಕಳ್ಳಿ ಎನಿಸಿಕೊಂಡು ಬದುಕಬಹುದು. ಅಕ್ಕನ ಗಂಡನ ಮೇಲೆ ಕಣ್ಣಿಟ್ಟವಳು ಎನಿಸಿಕೊಂಡ ಹುಡುಗಿಗೆ ಉದ್ಯಾವರದಿಂದ ಕಾಪುವಿನವರೆಗೆ ಯಾವ ಮನೆಯ ಬಾಗಿಲು ತೆರೆದೀತು? ಅಪ್ಪ ಇನ್ನು ಯಾರ ಹತ್ತಿರ ಗಂಡು ಕೇಳಲು ಹೋದಾರು? ಅದನ್ನೆಲ್ಲ ಅಕ್ಕ ತಿಳಿದಿರಲಿಲ್ಲ ಎಂದು ನಾನು ಹೇಳಲಾರೆ. ಮೇಡಂ ವರ್ಷಗಟ್ಟಲೆ ಓದಿ ಕಲಿತದ್ದನ್ನು ಅವಳು ಆ ಮನುಷ್ಯನ ಜೊತೆ ಬಾಳಿ ಕಲಿತಿದ್ದಳು, ಅವನ ನೋವಿಗೆ ಯಾವ ಮದ್ದು ಹಿಡಿಯುತ್ತದೆಂದು ಅವಳಿಗೆ ಸರಿಯಾಗಿ ಗೊತ್ತಿತ್ತು. ಆ ಮದ್ದಿಗೆ ನನ್ನನ್ನು ಅರೆದು ಹಾಕಿದಳು.

ಕಾಕ ಗುಂಡಿ ಒತ್ತಿ ನಿಲ್ಲಿಸಿದರು. ಅಕ್ಕ ಈಗ ನನ್ನ ಕಡೆ ತಿರುಗುತ್ತಾಳೆ, ಕಣ್ಣಿನಲ್ಲೇ ಏನಾದರೂ ಹೇಳುತ್ತಾಳೆ ಎಂದು ಕಾದೆ. ಅವಳು ಅತ್ತೆಯ ಕಡೆ ತಿರುಗಿ, ಸ್ವರ ಸರಿಯಾಗಿ ಬಂದಿದೆಯಾ ಒಮ್ಮೆ ಕೇಳುವ ಮಾಮಿ ಎಂದಳು. ಹಿಂದೆ ತಿರುಗಿಸಿ ಮೊದಲಿನಿಂದ ಹಾಕಿದರು. ನಾನು ಎಲ್ಲವನ್ನೂ ಎರಡನೆಯ ಸಲ ಕೇಳಿದೆ. ಅವಳ ಸ್ವರ ಒಂದು ಕಡೆಯೂ ನಡುಗಿರಲಿಲ್ಲ. ಕೊನೆಯಲ್ಲಿ ಸ್ವಲ್ಪ ಹೊತ್ತು ಯಾರ ಮಾತೂ ಇಲ್ಲದ ಟೇಪು, ಅದು ನಾನು ಸುಮ್ಮನೆ ನಿಂತದ್ದು. ಖದೀಜಮ್ಮ ತಲೆಯಾಡಿಸಿದರು.

ಕ್ಯಾಸೆಟ್ಟಿನ ಹಿಂಬದಿಯ ಮೂಲೆಯಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ತುಂಡು ಇರುತ್ತದೆ. ಅದನ್ನು ಮುರಿದುಬಿಟ್ಟರೆ ಆ ಮಾತಿನ ಮೇಲೆ ಮತ್ತೆ ಬೇರೆ ಮಾತು ತುಂಬಿಸಲು ಬರುವುದಿಲ್ಲ. ಅಕ್ಕ ಕ್ಯಾಸೆಟ್ಟು ಹೊರಗೆ ತೆಗೆದು, ತಲೆಯ ಪಿನ್ನು ಬಿಚ್ಚಿ, ಅದರ ಚೂಪಿನಿಂದ ಆ ತುಂಡನ್ನು ಮುರಿದಳು. ಮುರಿದ ಚೂರನ್ನು ಅಂಗಳಕ್ಕೆ ಎಸೆದು, ಕ್ಯಾಸೆಟ್ಟನ್ನು ಕಾಕನ ಕೈಗೆ ಕೊಟ್ಟು, ಮಗು ಎದ್ದಿತೇನೋ ಎಂದು ಒಳಗೆ ಹೋದಳು.